ಮಕ್ತುಮ್‌ಸಾಬನ ಬಾರಿಗಿಡ

"ಚಾಚಾ, ಆ ಟೊಂಗಿ ಮುಟ್ಟಬ್ಯಾಡ್ರೀ," ಎಂದು ಮಗಳು ಮಾಸುಂಬಿ ಓಡಿಬರುವಷ್ಟರಲ್ಲಿ ಜಂಗ್ಲಿಸಾಬ್ ಸತ್ತ ಅಣ್ಣ ಮಕ್ತುಮ್‌ಸಾಬನ ಬಾರಿಗಿಡವನ್ನು ಪೂರಾ ಬೋಳಿಸಿದ್ದ. ಹೆಣ ತೊಳೆಯುವ ನೀರಿಗೆ ಬಾರಿ ಎಲೆ ಬೇಕು; ಓಣಿಗೆಲ್ಲ ಇದ್ದುದು ಅದೊಂದೇ ಬೋರೆಹಣ್ಣಿನ ಗಿಡ.

"ಗೋಣಿ ಸುತ್ತಿದ್ದ ಟೊಂಗಿ?"

"ಗೋಣಿ ಅಲ್ಲೈತಿ ನೋಡವ್ವ, ಅದರ ಮ್ಯಾಲ ಮುದುಕರು ಕುಂತಾರ."

"ಎಲಿ?"

"ಹಂಡೇದಾಗ."

*

ಮಕ್ತುಮ್‌ಸಾಬ್ ದಢೇಸುಗೂರು ಕಡೆ ಒಂದು ಸರ್ಕಾರಿ ಸಂಶೋಧನಾ ಹೊಲದ ಆಳು. ಎಲೆಗಳು ಉಸಿರಾಡುವ ಸಣ್ಣ ಬಾಯಿಗಳನ್ನು ಎಣಿಸುವುದು ಅವನ ಕೆಲಸ. ಎಲೆಯ ಬೆನ್ನಿಗೆ ಉಗುರುಬಣ್ಣ ಬಳಿದು, ಒಣಗಿದ ಪೊರೆ ಸುಲಿದು, ಮೈಕ್ರೋಸ್ಕೋಪಿನಡಿ ಇಡುತ್ತಿದ್ದ. ಹದಿನೆಂಟು ವರ್ಷದಲ್ಲಿ ಆಕಾಶದ ಚುಕ್ಕಿಗಿಂತ ಒಂದು ಹೆಚ್ಚೇ ಎಣಿಸಿದ. ಸುಳ್ಳೆನ್ನುವವರು ಚುಕ್ಕಿ ಎಣಿಸಿ ಬರಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಪೇಟೆಯ ಮದುವಣಗಿತ್ತಿಯರೆಲ್ಲ ಸೇರಿದರೂ ಅವನಷ್ಟು ಉಗುರುಬಣ್ಣ ಕೊಂಡವರಿಲ್ಲ.

ತೊಂಬತ್ತೊಂದರ ಬೇಸಿಗೆಯಲ್ಲಿ ಅವನು ಬಾಯಿಬಿಟ್ಟ.

"ಸಾಹೇಬ್ರ, ಚಿಗುರಿಗೆ ಎಷ್ಟು ಬಾಯಿ ಇರ್ಬೇಕಂತ ಹಳೀ ಎಲಿ ಹೇಳಿ ಕಳಸ್ತಾವ್ರೀ. ಹಳೀವಕ್ಕ ನೆರಳು ಮಾಡಿದ್ರ, ಚಿಗುರು ಬಿಸಿಲಾಗಿದ್ರೂ ಬಾಯಿ ಕಡಿಮಿ."

ಹೊಲದ ಅಧಿಕಾರಿ ಆದೆಪ್ಪ ಸಾಹೇಬರು ನಕ್ಕ ನಗು ತುಂಗಭದ್ರೆಯ ಆಚೆ ದಂಡೆಗೂ ಕೇಳಿಸಿತು. "ಗಿಡಕ್ಕ ಟಪಾಲು ಯಾರು ಹಾಕ್ತಾರೋ? ಆತು, ಮುಂದಿನ ತಿಂಗಳು ನಂಗ ಧಾರವಾಡಕ್ಕ ವರ್ಗ. ಹೋಗೋ ದಿನ ನಿನ್ನ ಮನೀಗೆ ಬರ್ತೀನಿ, ತೋರ್ಸು."

ಮಕ್ತುಮ್‌ಸಾಬ್ ಮನೆಯ ಬಾರಿಗಿಡದ ಒಂದು ಟೊಂಗೆಯ ಹಳೆ ಎಲೆಗಳಿಗೆ ಗೋಣಿ ಸುತ್ತಿ ತುದಿಯನ್ನು ಬಿಸಿಲಿಗೆ ಬಿಟ್ಟ. ತಿಂಗಳೊಪ್ಪತ್ತು ಮಗಳಿಗಿಂತ ಚಿಗುರಿನೊಂದಿಗೇ ಹೆಚ್ಚು ಮಾತು. "ನಾಳೆ ಸಾಹೇಬ್ರು ಬರ್ತಾರ, ಪೊರೆ ಸುಲಿಯೂಣು, ಬೇಟಿ," ಎಂದು ಮಲಗಿದವನು ಏಳಲಿಲ್ಲ.

*

ಮಧ್ಯಾಹ್ನ ಸಾಹೇಬರು ಮೈಕ್ರೋಸ್ಕೋಪಿನ ಪೆಟ್ಟಿಗೆ ಹಿಡಿದು ಜೀಪಿನಿಂದಿಳಿದು, ಅಂಗಳ ನೋಡಿ ಚಪ್ಪಲಿ ಬಿಟ್ಟರು.

"ಪೊರೆ ತಗದಿಟ್ಟಿದ್ನೇನವ್ವ?"

ಮಾಸುಂಬಿ ಹೆಣ ತೊಳೆದ ಜಾಗದ ಮಣ್ಣಿನಿಂದ ಬೆಂದ ಎಲೆಗಳನ್ನು ಬೊಗಸೆ ತುಂಬ ಬಾಚಿ ತಂದಳು.

"ಇದ್ರಾಗ ಆ ಟೊಂಗೀದು ಯಾವುದು?"

"ಅಬ್ಬಾಗ ಗೊತ್ತಿತ್ತ್ರೀ."

ಸಾಹೇಬರು ಪೆಟ್ಟಿಗೆಯನ್ನು ತೆರೆಯಲಿಲ್ಲ. ಗಂಡಸರು ಜನಾಜಾ ಹೆಗಲಿಗೇರಿಸಿದಾಗ ತಾವೂ ಒಂದು ಕಡೆ ಹೆಗಲು ಕೊಟ್ಟು ನಡೆದರು.

ಮಾಸುಂಬಿ ಎಳೆಯದೊಂದು ಎಲೆ ಆರಿಸಿ, ಸೆರಗಿನಿಂದ ಒರೆಸಿ, ಬೆನ್ನಿನ ಬಿಳಿ ನವಿರನ್ನು ಉಗುರಿನಿಂದ ಕೆರೆದು ಅಬ್ಬಾನ ಉಗುರುಬಣ್ಣ ಹಚ್ಚಿದಳು. ಹಸಿ ಎಲೆಗೆ ಅದು ಅಂಟಲಿಲ್ಲ, ಹನಿಹನಿಯಾಗಿ ಸರಿಯಿತು. ಜನಾಜಾ ಓಣಿ ತಿರುಗಿ ಕಣ್ಮರೆಯಾಯಿತು. ಅವಳು ಎಲೆಯಿದ್ದ ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು ಊದುತ್ತಲೇ ಕುಳಿತಳು.