ಮನೆ ನಮ್ಮದು ಅನ್ನಬಾರದು

ಅಮೆರಿಕದ ನಮ್ಮೂರು ನೋವೈನ ಬಾಲಾಜಿ ದೇವಸ್ಥಾನದ ಊಟದ ಹಾಲ್‌ನಲ್ಲಿ ಪುಳಿಯೋಗರೆ ತಿನ್ನುತ್ತ ಕೂತರೆ ಸಾಕು, ಯಾರಾದರೊಬ್ಬರು ಆ ಮಾತು ತೆಗೆದೇ ತೆಗೆಯುತ್ತಾರೆ. "ನಮ್ದು ಐವತ್ತೆರಡಕ್ಕೇ ಪೇ ಆಫ್ ಆಯ್ತು." "ನಮ್ದು ಐವತ್ತೈದಕ್ಕೆ." ಮಕ್ಕಳ ಮಾರ್ಕ್ಸ್ ಹೇಳಿಕೊಂಡು ಮೆರೆಯುವ ಕಾಲ ಮುಗಿದ ಮೇಲೆ ಈ ಜನಕ್ಕೆ ಉಳಿದಿರುವುದು ಮನೆ ಸಾಲ ತೀರಿಸಿದ ವಯಸ್ಸೊಂದೇ. ನನ್ನ ಸರದಿ ಬಂದಾಗ ನಾನು ಹಪ್ಪಳ ಮುರಿಯುತ್ತ ಜೋರಾಗಿಯೇ ಹೇಳುತ್ತಿದ್ದೆ: "ನಮ್ದು ಇನ್ನೂ ಇದೆ ಕಣ್ರೀ. ಇವರಿಗೆ ಅರವತ್ತೆರಡಾಯ್ತು. ಆದ್ರೂ ಬೇಕಾದಷ್ಟಿದೆ." ಎಲ್ಲರೂ ಅಯ್ಯೋ ಪಾಪ ಅನ್ನುವಂತೆ ನೋಡುತ್ತಿದ್ದರು. ನೋಡಲಿ, ನನಗೇನು.

ಯಾಕೆಂದರೆ ನನ್ನ ಗಂಡ ರಘೋತ್ತಮ ಅವರ ಮನೆತನದಲ್ಲಿ ಗಂಡಸರು ಮನೆ ಸಾಲ ತೀರಿಸಿದ ಮೇಲೆ ಉಳಿಯುವುದಿಲ್ಲ.

ನಗಬೇಡಿ. ನಾನೂ ಬಯೋಕೆಮಿಸ್ಟ್ರಿ ಎಂಎಸ್ಸಿ ಮಾಡಿದವಳೇ, ಇಲ್ಲಿನ ಲ್ಯಾಬ್‌ನಲ್ಲಿ ಕೂತು ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡಿದವಳೇ. ಆದರೆ ನಮ್ಮ ಮಾವನವರು ಮೈಸೂರಿನ ಸರಸ್ವತಿಪುರಂ ಮನೆಯ ಕೊನೇ ಕಂತು ಕಟ್ಟಿ ಬಂದು, ಹೋಳಿಗೆ ಊಟ ಹಾಕಿಸಿ, ಎಲೆ ಮುಂದೆ ಕೂತು "ಇವತ್ತಿಂದ ಮನೆ ನಮ್ಮದು" ಎಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ತುಪ್ಪ ಬಡಿಸಿದ ಹೊಸ ಸೊಸೆ ನಾನೇ. ಉಂಡು ಮಲಗಿದವರು ಸಂಜೆ ಕಾಫಿಗೆ ಏಳಲಿಲ್ಲ. ಆಮೇಲೆ ಬೆಂಗಳೂರಿನಲ್ಲಿದ್ದ ನಮ್ಮ ಭಾವನವರು, ಇವರ ಅಣ್ಣ. ಸಾಲ ಮುಗಿದ ದಿನ ಫೋನ್ ಮಾಡಿ, "ರಘು, ಇವತ್ತಿಂದ ಮನೆ ನಮ್ಮದು ಕಣೋ" ಎಂದರು. ಅಪ್ಪನ ಅದೇ ಮಾತು, ಅದೇ ದನಿ. ಸ್ಪೀಕರ್‌ನಲ್ಲಿ ನಾನೂ ಕೇಳಿಸಿಕೊಂಡೆ. ಆ ವಾರ ಕಳೆಯುವುದರೊಳಗೆ ಅವರ ಎದೆಬಡಿತ ನಿಂತಿತು, ನಾವು ಅಳುತ್ತ ವಿಮಾನ ಹತ್ತಿದೆವು. ಅಪ್ಪನಿಗೂ ಅರವತ್ತು ತುಂಬಿರಲಿಲ್ಲ, ಮಗನಿಗೂ ತುಂಬಲಿಲ್ಲ. ಇವರು ಅರವತ್ತು ದಾಟಿದ್ದಾರೆಂದರೆ ಅದು ಸಾಲದ ಪುಣ್ಯ ಎಂದೇ ನಾನು ನಂಬಿದ್ದೆ.

ಅದಕ್ಕೇ ಸಾಲ ಮುಗಿಯದ ಹಾಗೆ ನೋಡಿಕೊಂಡೆ. ಕೊನೆ ಹತ್ತಿರ ಬಂತು ಅನ್ನುವಾಗ ಅಡುಗೆಮನೆ ಒಡೆಸಿ ಹೊಸದು ಮಾಡಿಸಬೇಕೆಂದು ಹಠ ಹಿಡಿದೆ. ಮನೆ ಮೇಲೆ ಮತ್ತೆ ಸಾಲ. ಅದು ಕರಗುತ್ತ ಬಂದಾಗ ಬೇಸ್‌ಮೆಂಟ್ ಸರಿಮಾಡಿಸುವ ಹಠ. ಆ ಬೇಸ್‌ಮೆಂಟಿನಲ್ಲಿ ಈಗಲೂ ಒಂದು ಟ್ರೆಡ್‌ಮಿಲ್, ಅದರ ಮೇಲೆ ಒಣಹಾಕಿದ ಸೀರೆ, ಇಷ್ಟು ಬಿಟ್ಟರೆ ಏನೂ ಇಲ್ಲ. ಇವರು ಒಮ್ಮೆಯೂ ಯಾಕೆ ಅಂತ ಕೇಳದೆ, "ಆಯ್ತು ಕಣೇ, ನಿನ್ನಿಷ್ಟ" ಎಂದು ಸೈನ್ ಮಾಡಿದರು. ಬಿಲ್ಲು, ಬ್ಯಾಂಕು, ಟ್ಯಾಕ್ಸು ಎಲ್ಲ ಇವರದ್ದೇ ಕಾರಭಾರ. ನಾನು ಆ ಕಡೆ ತಲೆ ಹಾಕಿದವಳಲ್ಲ. ಸಾಲ ಇದೆ ಅಂತ ಗೊತ್ತಿದ್ದರೆ ಸಾಕು, ನನಗೆ ನಿದ್ದೆ ಬರುತ್ತಿತ್ತು.

ಸಾಲ ಇದ್ದ ಮೇಲೆ ಕೆಲಸವೂ ಇರಬೇಕಲ್ಲ. ಇವರು ಕಾರಿನ ಬ್ರೇಕ್ ವಿನ್ಯಾಸ ಮಾಡುವ ಎಂಜಿನಿಯರ್, ಆಫೀಸು ಸೌತ್‌ಫೀಲ್ಡ್‌ನಲ್ಲಿ. ಚಳಿಗಾಲದಲ್ಲಿ 696 ಹೈವೇ ಮೇಲೆ ಹೋಗಿಬರುವಷ್ಟರಲ್ಲಿ ಮುಖ ಬಿಳುಚಿಕೊಂಡಿರುತ್ತಿತ್ತು. ಗರಾಜಿನಲ್ಲಿ ಕಾರು ನಿಲ್ಲಿಸಿ ಸ್ಟೀರಿಂಗ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿರುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, "ಇಳೀರಿ, ಸಾರು ಆರಿ ಹೋಗತ್ತೆ" ಎಂದು ಕೂಗುತ್ತಿದ್ದೆ.

ನಮ್ಮ ಮಗಳು ನಿಹಾರಿಕಾ ಷಿಕಾಗೋ ಪಕ್ಕದ ಇಟಾಸ್ಕಾದಲ್ಲಿ ಕೆಲಸ ಮಾಡುತ್ತಾಳೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಬಂದವಳು ಅಪ್ಪನನ್ನು ನೋಡಿದ್ದೇ ಅಡುಗೆಮನೆಗೆ ಬಂದು ನನ್ನ ಮೇಲೆ ಹರಿಹಾಯ್ದಳು.

"ಅಮ್ಮಾ, ಅಪ್ಪ ಲುಕ್ಸ್ ಟೆರಿಬಲ್. ವೈ ಕಾಂಟ್ ಹಿ ರಿಟೈರ್?"

"ಸಾಲ ಇದೆಯಲ್ಲೇ. ಮುಗೀಲಿ."

"ಇಟ್ಸ್ ನೆವರ್ ಗೋಯಿಂಗ್ ಟು ಮುಗೀಲಿ, ಅಮ್ಮಾ! ಯು ವೋಂಟ್ ಲೆಟ್ ಇಟ್!"

"ನಿಂಗೇನು ಗೊತ್ತು, ಸುಮ್ನಿರು" ಎಂದು ಗದರಿದೆ. ಅವಳಿಗೆ ಏನೆಂದು ಹೇಳಲಿ? ಹೇಳಿದರೆ ನಗುತ್ತಾಳೆ. ನಗದಿದ್ದರೆ ಇನ್ನೂ ಕಷ್ಟ, ಅವಳೂ ನನ್ನ ಹಾಗೆ ಹೆದರಿಕೊಂಡು ಓಡಾಡಬೇಕಾಗುತ್ತದೆ.

ಅವತ್ತೇ ಪಕ್ಕದ ಮನೆಯ ಡೋರಿಸ್, ಎಂಬತ್ತು ದಾಟಿದ ಮುದುಕಿ, ಪಂಪ್‌ಕಿನ್ ಪೈ ತಂದುಕೊಟ್ಟು ಕೂತಳು. ಮಾತು ಮನೆ ಸಾಲದ ಕಡೆ ತಿರುಗಿತು. ತಾವು ಸಾಲ ತೀರಿಸಿದ ದಿನ ಹಿತ್ತಲಲ್ಲಿ ಸಾಲಪತ್ರಕ್ಕೆ ಬೆಂಕಿ ಇಟ್ಟು, ನೆಂಟರಿಗೆಲ್ಲ ಬಿಯರ್ ಕೊಟ್ಟೆವು ಎಂದು ಖುಷಿಯಾಗಿ ಹೇಳಿದಳು. ಇವರು ನನ್ನ ಕಡೆ ತಿರುಗಿ, "ನಾವೂ ಸುಡೋಣ್ವೇನೇ?" ಎಂದರು.

"ಶಾಂತಂ ಪಾಪಂ! ಮನೆ ಕಾಗದಕ್ಕೆ ಬೆಂಕಿ ಇಡ್ತಾರಂತೆ! ಬಾಯಿಗೆ ಬಂದಿದ್ದು ಮಾತಾಡ್ಬೇಡಿ" ಎಂದು ಕಿರುಚಿಬಿಟ್ಟೆ. ಡೋರಿಸ್ ಪಾಪ, ಪೈ ಚೆನ್ನಾಗಿಲ್ಲವೇನೋ ಅಂದುಕೊಂಡು ಎದ್ದುಹೋದಳು. ಇವರು ಏನೋ ಹೇಳಲು ಬಾಯಿ ತೆರೆದವರು ಪೈ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದರು.

ಆ ವಾರವೇ ನಾನು ಸನ್‌ರೂಮ್ ಮಾತು ತೆಗೆದೆ. ಮನೆ ಹಿಂದೆ ಒಂದು ಗಾಜಿನ ಕೋಣೆ, ಪ್ರತಿ ಚಳಿಗಾಲ ತುಳಸಿ ಸಾಯುವುದು ತಪ್ಪುತ್ತದೆ ಎಂದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಇವರು ಒಪ್ಪಲಿಲ್ಲ. "ಬೇಡ ಲತಾ. ಸುಸ್ತಾಗತ್ತೆ ಕಣೇ" ಎಂದರು. ಇದ್ದ ಸಾಲ ಮುಗಿಯಲು ಬಂದಿರಬೇಕು, ಹೊಸದು ಬೇಡ ಅನ್ನುತ್ತಿದ್ದಾರೆ, ಹಾಗಾದರೆ ದಿನ ಹತ್ತಿರ ಬಂತು ಎಂದುಕೊಂಡೆ. ಅವತ್ತಿನಿಂದ ಇವರ ಬೆನ್ನು ಬಿಡಲಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲಿಗೆ ಕಿವಿ ಕೊಡುತ್ತಿದ್ದೆ. ಸೋಫಾ ಮೇಲೆ ಕಣ್ಣು ಮುಚ್ಚಿದರೆ ಮೆಲ್ಲಗೆ ಹೋಗಿ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ.

"ಇನ್ನೂ ಇದೀನಿ ಕಣೇ" ಎನ್ನುತ್ತಿದ್ದರು, ಕಣ್ಣು ತೆರೆಯದೆಯೇ.

ಜನವರಿಯ ಒಂದು ಬೆಳಗ್ಗೆ ಇವರು ಆಫೀಸಿಗೆ ಹೊರಟ ಸ್ವಲ್ಪ ಹೊತ್ತಿಗೆ ಫೋನ್ ಬಂತು. "ಲತಾ, ಗಾಬರಿ ಆಗ್ಬೇಡ. ಹೈವೇ ಪಕ್ಕ ಗಾಡಿ ನಿಲ್ಸಿದೀನಿ. ಎದೆ ಹಿಡ್ಕೊಂಡಿದೆ. ಆಂಬುಲೆನ್ಸ್ ಬರ್ತಿದೆ, ಸೈರನ್ ಕೇಳಿಸ್ತಿದೆ."

ನನ್ನ ಬಾಯಲ್ಲಿ ಬಂದದ್ದು ಏನು ಗೊತ್ತೆ? "ಬ್ಯಾಂಕಿಗೇನಾದ್ರೂ ಕಟ್ಟಿದ್ರಾ? ಹೇಳ್ರೀ! ಸಾಲ ತೀರಿಸಿಬಿಟ್ರಾ?" ಆ ಕಡೆಯಿಂದ ಬರೀ ಉಸಿರು, ಆಮೇಲೆ ಯಾರೋ ಇಂಗ್ಲಿಷಿನಲ್ಲಿ ಆಸ್ಪತ್ರೆಯ ಹೆಸರು ಹೇಳಿದ್ದು, ಆಮೇಲೆ ಏನೂ ಇಲ್ಲ.

ಹೈವೇ ಅಂದರೆ ಬೆಚ್ಚಿಬೀಳುವ ನಾನು ಅವತ್ತು ಹಿಮದಲ್ಲಿ ಗಾಡಿ ತೆಗೆದೆ. ಲಾರಿಗಳು ಎರಚಿದ ಕೊಳೆ ನೀರಿಗೆ ಗಾಜು ಮಸಕಾಗಿ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. "ರಾಯರೇ, ಸಾಲ ಇನ್ನೂ ಇದೆ, ನೆನಪಿರಲಿ. ಇನ್ನೂ ಇದೆ" ಎಂದು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡು ಹೋದೆ. ದೇವರಿಗೆ ಲೆಕ್ಕ ಒಪ್ಪಿಸುವವಳ ಹಾಗೆ.

ಆಸ್ಪತ್ರೆಯಲ್ಲಿ ಇವರನ್ನು ಆಗಲೇ ಗಾಲಿಮಂಚದ ಮೇಲೆ ಮಲಗಿಸಿದ್ದರು. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಈಗಲೇ ಒಳಗೆ ಕರೆದೊಯ್ದು ಬಿಡಿಸಬೇಕು, ಮಾತಾಡುವುದಿದ್ದರೆ ಬೇಗ ಮಾತಾಡಿ ಎಂದಳು ನರ್ಸ್. ಇವರ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಲತಾ, ಒಂದು ಹೇಳ್ಬೇಕು."

"ಏನೂ ಹೇಳ್ಬೇಡಿ. ಬಂದ್ಮೇಲೆ ಹೇಳಿ."

"ಸಾಲ ಇಲ್ಲ ಕಣೇ. ತೀರಿಸಿ ಮೂರು ವರ್ಷ ಆಯ್ತು."

ಎರಡೂ ಕೈಯಿಂದ ಇವರ ಬಾಯಿ ಮುಚ್ಚಿದೆ. ನರ್ಸ್ ಗಾಬರಿಯಾಗಿ ನೋಡಿದಳು. ಇವರು ನನ್ನ ಕೈ ಸರಿಸಿ, ತಡೆತಡೆದು ಹೇಳಿದರು: "ಹೇಳಿದ್ರೆ ನೀನು ಹೆದರ್ಕೊಂಡು ನಿದ್ದೆ ಮಾಡಲ್ಲ ಅಂತ ಹೇಳ್ಲಿಲ್ಲ. ಕೆಲಸ ಬಿಟ್ರೆ ನಿಂಗೆ ಗೊತ್ತಾಗ್ಬಿಡತ್ತೆ, ಅದಕ್ಕೇ ಹೋಗ್ತಿದ್ದೆ. ನಂಗೂ ಹೆದರಿಕೆ ಇತ್ತು ಕಣೇ. ಅಪ್ಪ ಹೇಳಿದ್ರಲ್ಲ, ಆ ಮಾತನ್ನ ನಾನು ಇವತ್ತಿನ ತನಕ ಬಾಯಿ ಬಿಟ್ಟು ಹೇಳಿಲ್ಲ."

ಮಂಚ ಹೊರಟೇಬಿಟ್ಟಿತು. ನಾನು ಅದರ ಹಿಂದೆ ಓಡುತ್ತ, "ಸನ್‌ರೂಮ್‌ಗೆ ಸಾಲ ಬೇಕು ಕಣ್ರೀ! ಮೂವತ್ತು ವರ್ಷದ್ದು! ಮುಗಿಯೋವಾಗ ನಿಮ್ಗೆ ತೊಂಬತ್ತೆರಡು! ಬಂದು ಸೈನ್ ಮಾಡಿ!" ಎಂದು ಆ ಜನರೆದುರು ಹುಚ್ಚಿಯಂತೆ ಕೂಗಿದೆ. ಬಾಗಿಲು ಮುಚ್ಚಿಕೊಂಡಿತು.

ಕುರ್ಚಿಯಲ್ಲಿ ಕುಸಿದು ಕೂತೆ. ಮೂರು ಚಳಿಗಾಲ. ಇಲ್ಲದ ಸಾಲಕ್ಕಾಗಿ ಈ ಮನುಷ್ಯ ಕತ್ತಲಲ್ಲಿ ಎದ್ದು, ಕಾರಿನ ಮೇಲಿನ ಹಿಮ ಕೆರೆದು, ಎದೆ ಹಿಡಿದುಕೊಂಡು ಸೌತ್‌ಫೀಲ್ಡಿಗೆ ಹೋಗಿಬಂದದ್ದು ನನ್ನ ನಿದ್ದೆ ಕೆಡದಿರಲಿ ಎಂದು. ಸಾಲ ತೀರಿಸಿಯೂ ಇವರು ಬದುಕಿದ್ದರು. ಇವರನ್ನು ಇಲ್ಲಿಗೆ ತಂದು ಮಲಗಿಸಿದ್ದು ಸಾಲ ತೀರಿದ್ದಲ್ಲ, ನಾನು. ಅದು ತಿಳಿದ ಮೇಲೆ ನನಗೆ ನನ್ನನ್ನು ಕಂಡೇ ಹೆದರಿಕೆಯಾಯಿತು. ಆಗಲೂ ಒಳಗೊಂದು ದನಿ, ಸಾಲ ಇಲ್ಲ ಅಂತ ಇವತ್ತು ಬಾಯಿಬಿಟ್ಟು ಹೇಳಿಬಿಟ್ಟರಲ್ಲ, ಯಮನಿಗೆ ಅಷ್ಟು ಸಾಕು ಎನ್ನುತ್ತಲೇ ಇತ್ತು. ಹಾಳಾದ ದನಿ.

ನಾನು ಮನೆ ಬಿಡುವಾಗಲೇ ಸುದ್ದಿ ಮುಟ್ಟಿಸಿದ್ದರಿಂದ ನಿಹಾರಿಕಾ ಆಗಲೇ ದಾರಿಯಲ್ಲಿದ್ದಳು. ಕಾರಿನಿಂದಲೇ ಫೋನ್ ಮಾಡಿದಳು. "ಅಮ್ಮಾ, ಇಸ್ ಹಿ ಅಲೈವ್? ಜಸ್ಟ್ ಟೆಲ್ ಮಿ."

"ಇದಾರೆ" ಎಂದೆ. ಗೊತ್ತಿಲ್ಲದೆಯೇ ಹೇಳಿದೆ.

ಮಧ್ಯಾಹ್ನ ಡಾಕ್ಟರು ಬಂದು, ನಾಳ ಬಿಡಿಸಿದ್ದೇವೆ, ಆದರೆ ಇವತ್ತು ರಾತ್ರಿ ಕಳೆಯಲಿ, ಆಮೇಲೆ ಮಿಕ್ಕದ್ದು ಹೇಳುತ್ತೇವೆ ಎಂದು ನನ್ನನ್ನು ಒಳಗೆ ಬಿಟ್ಟರು. ಮೈತುಂಬ ವೈರು. ಮಂಚದ ಪಕ್ಕ ಕೂತು ಇವರ ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಇವರು ಕಣ್ಣು ಅರ್ಧ ತೆರೆದರು.

"ಎಲ್ಲಿ ಸೈನ್ ಮಾಡ್ಲಿ?"

"ಎಲ್ಲೂ ಬೇಡ" ಎಂದೆ. ಅಳು ಒತ್ತರಿಸಿ ಬಂತು. "ಯಾವ ಸಾಲಾನೂ ಬೇಡ, ಯಾವ ಆಫೀಸೂ ಬೇಡ. ಮನೇಲಿ ಬಿದ್ದಿರಿ ಸಾಕು."

"ಹಾಗಾದ್ರೆ ಆ ಮಾತು ನೀನೇ ಹೇಳು. ಒಂದ್ಸಲ. ಕೇಳ್ಬೇಕು ನಾನು." ಹೇಳಿ ಮತ್ತೆ ಕಣ್ಣು ಮುಚ್ಚಿದರು.

ಮಾವನವರ ಎಲೆ ಕಣ್ಣಮುಂದೆ ಬಂತು, ಅದರ ಮೇಲೆ ನಾನು ಬಡಿಸಿದ ತುಪ್ಪ. "ಇವತ್ತಿಂದ" ಎಂದು ನಿಲ್ಲಿಸಿದೆ. ಇವರು ಕಾಯುತ್ತಿದ್ದರು. ಬೆರಳ ಕೆಳಗೆ ನಾಡಿ ಸಣ್ಣಗೆ ಬಡಿಯುತ್ತಿತ್ತು. ಅದನ್ನು ಬಿಗಿಯಾಗಿ ಹಿಡಿದುಕೊಂಡು ಹೇಳಿದೆ.

"ಇವತ್ತಿಂದ ಮನೆ ನಮ್ಮದು."

ಇವರ ತುಟಿ ಅಲ್ಲಾಡಲಿಲ್ಲ. ನಾನು ಉಸಿರು ಬಿಗಿಹಿಡಿದು ಎದ್ದೆ, ಬಾಗಿದೆ, ಬೆರಳನ್ನು ಮೂಗಿನ ಹತ್ತಿರ ಒಯ್ದೆ.

"ಇನ್ನೂ ಇದೀನಿ ಕಣೇ" ಎಂದರು.