ಬಾಗಿದ್ದು ಹಾಸಲ್ಲ

ಪೊಳ್ಳಾಚಿ ಹತ್ತಿರದ ನೆಗಮಂ ಊರಲ್ಲಿ ಮಗ್ಗ ನಡೆಸುವ ಶಿವಗಾಮಿಯ ಎಡಗಣ್ಣಿನ ಒಳಗೆ ಯಾರೂ ನೋಡಲಿಲ್ಲ. ಟಾರ್ಚಿನ ಬೆಳಕು ಬಿಟ್ಟು ಹೊರಗಿಂದ ನೋಡಿ, "ಪೊರೆ ಬರ್ತಾ ಇದೆ. ಹಣ್ಣಾಗಲಿ, ಆಮೇಲೆ ಬಾ" ಎಂದು ಕಳಿಸಿದರು.

ಅದು ಊರ ಹತ್ತಿರದ ನೂಲಿನ ಮಿಲ್ಲಿನವರು ನಡೆಸಿದ ಕಣ್ಣಿನ ಶಿಬಿರ. ದೊಡ್ಡವರಿಗೆ ಹಾರ ಹಾಕುವುದರಲ್ಲೇ ಬೆಳಗಿನ ಹೊತ್ತು ಕಳೆಯಿತು. ಬಿಸಿಲಲ್ಲಿ ಸಾಲು ನಿಂತ ಜನರನ್ನು ಸಂಜೆಯೊಳಗೆ ಒಬ್ಬರ ಹಿಂದೆ ಒಬ್ಬರಂತೆ ತಳ್ಳಿ ಮುಗಿಸಿದರು.

ಶಿವಗಾಮಿ ಮನೆಗೆ ಬಂದು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಳು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಮಧ್ಯದಲ್ಲಿ ಬಾಗಿದಂತೆ ಕಂಡವು. ಮಗ್ಗದ ಮನೆಯಲ್ಲಿ ಎಳೆ ಬಾಗಿದರೆ ಯಾರಾದರೂ ಕಣ್ಣನ್ನು ಅನುಮಾನಿಸುತ್ತಾರೆಯೇ? ಹಾಸು ಸಡಿಲ ಅನ್ನುತ್ತಾರೆ. ಅವಳೂ ಹಾಗೇ ಅಂದುಕೊಂಡು ಬಿಗಿದಳು. ಆದರೂ ಬಾಗಿತ್ತು. ಇನ್ನಷ್ಟು ಬಿಗಿದಳು. ದಿನಾ ಇದೇ ಆಯಿತು. ಒಂದು ಬೆಳಿಗ್ಗೆ ಅಂಚಿನ ಒಂದಷ್ಟು ಎಳೆಗಳು ಪಟಪಟನೆ ಕಿತ್ತುಹೋದವು.

ಗಂಡ ಶಣ್ಮುಗಂ ಓಡಿ ಬಂದ. "ಏನೇ ಇದು? ಹಾಸು ಬಿಗೀತಿದ್ಯೋ, ಹೋರಿ ಕಟ್ತಿದ್ಯೋ?"

"ಬಾಗಿದೆ, ನೀವೇ ನೋಡಿ!"

"ಎಲ್ಲಿ ಬಾಗಿದೆ? ನೆಟ್ಟಗೆ ಇದೆಯಲ್ಲೇ!"

ಜಗಳ ಕೇಳಿ ಪಕ್ಕದ ಮನೆಯ ಸುಶೀಲ ಬಂದಳು. ಅವಳು ಪೊಳ್ಳಾಚಿಯ ಆಸ್ಪತ್ರೆಯಲ್ಲಿ ನರ್ಸು. ಮಾತೆಲ್ಲ ಕೇಳಿಸಿಕೊಂಡು, "ಶಿವಗಾಮಿ, ಎಡಗಣ್ಣು ಮುಚ್ಚಿ ನೋಡು" ಅಂದಳು.

"ನೆಟ್ಟಗಿದೆ ಅಕ್ಕ."

"ಈಗ ಬಲಗಣ್ಣು ಮುಚ್ಚು."

ಶಿವಗಾಮಿ ಬಲಗಣ್ಣು ಮುಚ್ಚಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಎಲ್ಲಾ ಬಾಗಿದೆ. ಮೂಲೇಲಿ ಸೆರಗು ಇಳಿಬಿಟ್ಟಂಗೆ ಕರಿ ನೆರಳು. ಆಗಾಗ ಮಿಂಚು ಹೊಡೆದಂಗೂ ಆಗುತ್ತೆ."

"ನೋವಿದೆಯಾ?"

"ಚೂರೂ ಇಲ್ಲ."

"ನೋವಿಲ್ಲ ಅಂದ್ಮೇಲೆ ರೋಗ ಎಲ್ಲಿಂದ ಬಂತು ನರ್ಸಮ್ಮ?" ಅತ್ತೆ ಬೆಳ್ಳಿಯಮ್ಮ ಹೊಸ್ತಿಲಿಂದಲೇ ಕೇಳಿದಳು. "ಪೊರೆ ಹಣ್ಣಾಗಲಿ ಅಂತ ಹೇಳಿ ಕಳಿಸಿದ್ದಾರೆ. ಅಲ್ಲೀವರೆಗೆ ಹರಳೆಣ್ಣೆ ಬಿಡ್ತೀನಿ, ತಂಪಾಗುತ್ತೆ."

"ಕಣ್ಣೇನು ಮಾವಿನಕಾಯಾ ಬೆಳ್ಳಿಯಮ್ಮ, ಹುಲ್ಲಲ್ಲಿ ಹೂತಿಟ್ಟು ಹಣ್ಣು ಮಾಡೋದಕ್ಕೆ? ಪೊರೆ ಬಂದರೆ ಎಲ್ಲಾ ಮಂಜು ಮಂಜಾಗುತ್ತೆ. ಹೀಗೆ ಎಳೆ ಬಾಗಲ್ಲ, ಸೆರಗು ಇಳಿಯಲ್ಲ. ಇದು ಕಣ್ಣಿನ ಹಿಂದುಗಡೆ ಗೋಡೆಯ ವಿಷಯ. ಎಣ್ಣೆ ಬಿಡಬೇಡಿ. ನಾಳೆಯೇ ಕೊಯಮತ್ತೂರಿಗೆ ಕರ್ಕೊಂಡು ಹೋಗಿ."

"ಅಲ್ಲಿ ಕಣ್ಣಿಗೆ ಸೂಜಿ ಚುಚ್ತಾರಂತೆ!"

"ಹಾಗಾದ್ರೆ ನೀವೇ ಜೊತೇಲಿ ಹೋಗಿ ಕಾವಲು ಕೂತ್ಕೊಳ್ಳಿ" ಎಂದು ಸುಶೀಲ ನಕ್ಕಳು. ಬೆಳ್ಳಿಯಮ್ಮ ನಿಜವಾಗಿಯೂ ಹೊರಟೇಬಿಟ್ಟಳು.

ಕೊಯಮತ್ತೂರಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಾಜಾಮಣಿ ಮೊದಲು ಹನಿ ಔಷಧಿ ಬಿಟ್ಟರು. ಕಣ್ಣಿನ ಪಾಪೆ ಬಾಗಿಲು ತೆರೆದಂತೆ ಅಗಲವಾಯಿತು. ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು, ತುಂಬಾ ಹೊತ್ತು ಒಳಗೆ ನೋಡಿದರು. ಆಮೇಲೆ ಇನ್ನೊಂದು ಕೋಣೆಗೆ ಕರೆದೊಯ್ದರು. ಅಲ್ಲಿ ಟಿವಿಯಂಥ ಪರದೆ ಇರುವ ಒಂದು ಯಂತ್ರ.

"ವಲಿಕ್ಕಾದು," ಅಂದರು ಡಾಕ್ಟರಮ್ಮ. ನೋವಾಗೋದಿಲ್ಲ ಅಂತ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಅಂಟು ಹಚ್ಚಿ, ಪೆನ್ನಿನಂಥದ್ದನ್ನು ಇಟ್ಟರು.

"ಇದು ಒಳಗೆ ಸದ್ದು ಕಳಿಸುತ್ತೆ. ನಮ್ಮ ಕಿವಿಗೆ ಕೇಳಿಸದ ಸದ್ದು. ಅದು ತಗಲಿ ಹಿಂದಕ್ಕೆ ಬಂದಾಗ ಚಿತ್ರ ಆಗುತ್ತೆ. ನೀರಿದ್ದರೆ ಒಂದು ಥರ, ಗಟ್ಟಿ ಗಂಟು ಇದ್ದರೆ ಇನ್ನೊಂದು ಥರ."

"ಎಳನೀರು ತಟ್ಟಿ ನೋಡ್ತೀವಲ್ಲ, ಹಂಗೆ," ಅಂದ ಶಣ್ಮುಗಂ.

"ಹಂಗೇನೇ."

ಪರದೆಯಲ್ಲಿ ಕಣ್ಣು ಕರಿ ಉಂಡೆಯಂತೆ ಕಂಡಿತು. ಅದರ ಹಿಂದಿನ ಗೋಡೆಯಿಂದ ಅಣಬೆಯಂಥದ್ದೊಂದು ಎದ್ದು ನಿಂತಿತ್ತು. ತೋಳಿನ ನರಕ್ಕೆ ಹಳದಿ ಬಣ್ಣದ ಔಷಧಿ ಚುಚ್ಚಿ ಕಣ್ಣಿನ ಒಳಗಿನ ಫೋಟೋ ಕೂಡ ತೆಗೆದರು. "ಮೂತ್ರ ಹಳದಿಯಾಗಿ ಹೋಗುತ್ತೆ, ಹೆದರಬೇಡ" ಎಂದು ಮೊದಲೇ ಹೇಳಿದ್ದರು. ಕಣ್ಣಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಬೆಳ್ಳಿಯಮ್ಮ ಕಾವಲು ಕೂತಿದ್ದಳಲ್ಲ!

ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದರು. "ಇದರ ಹೆಸರು ಮೆಲನೋಮಾ. ಕಣ್ಣಿನ ಒಳಗೆ ಕರಿ ಬಣ್ಣ ಕೊಡೋ ಕಣಗಳಲ್ಲಿ ಹುಟ್ಟೋ ಕ್ಯಾನ್ಸರು. ನಮ್ಮ ಕಡೆ ಅಪರೂಪ. ಅಂಟುರೋಗ ಅಲ್ಲ, ಶಾಪವೂ ಅಲ್ಲ. ಬಿಟ್ಟರೆ ಈರಲ್‌ಗೆ ಹೋಗಬಹುದು."

ಈರಲ್ ಅಂದರೆ ಪಿತ್ತಜನಕಾಂಗ. ಅದನ್ನೂ ಅದೇ ಬಗೆಯ ಸದ್ದಿನ ಯಂತ್ರದಲ್ಲಿ ನೋಡಿದರು. ಎಲ್ಲೂ ಗಂಟು ಕಾಣಲಿಲ್ಲ.

"ಚಿಕ್ಕದಾಗಿದ್ದಾಗಲೇ ಬಂದಿದ್ದರೆ ಬೇರೆ ದಾರಿ ಯೋಚಿಸಬಹುದಿತ್ತು. ಈಗ ದೊಡ್ಡದಾಗಿದೆ. ಈ ಕಣ್ಣು ತೆಗೀಬೇಕು. ಆಮೇಲೆ ನಿನ್ನ ಕಣ್ಣಿನ ಥರಾನೇ ಒಂದು ಕೃತಕ ಕಣ್ಣು ಇಡ್ತೀವಿ. ಬಲಗಣ್ಣಲ್ಲಿ ನೇಯ್ಗೆ ಕೆಲಸ ಮಾಡಬಹುದು. ಆದರೆ ತಪಾಸಣೆಗೆ ಮಾತ್ರ ತಪ್ಪದೆ ಬರಬೇಕು."

ಶಿವಗಾಮಿ ಅತ್ತಳು. ಬೆಳ್ಳಿಯಮ್ಮ ಅವಳ ತಲೆ ಸವರಿ, "ಅಳಬೇಡ ಕಣ್ಣು" ಅಂದಳು. ಮುದ್ದು ಬಂದರೆ ನಮ್ಮ ಕಡೆ 'ಕಣ್ಣು' ಅಂತಲೇ ಕರೆಯೋದು. ಏನೆಂದು ಕರೆದೆ ಎಂಬುದು ಹೊಳೆದು ಅವಳೇ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಮಗನ ಕಡೆ ತಿರುಗಿ, "ಡಾಕ್ಟರಮ್ಮ ಹೇಳಿದಂಗೆ ಮಾಡೋಣ" ಅಂದಳು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗಲೇ ಒಂದು ಕೈಯಿಂದ ಒಂದು ಕಣ್ಣು ಮುಚ್ಚಿ ಎದುರಿನ ಬಾಗಿಲ ಚೌಕಟ್ಟು ನೋಡಿ. ಆಮೇಲೆ ಇನ್ನೊಂದು ಕಣ್ಣಲ್ಲಿ ನೋಡಿ. ಚೌಕಟ್ಟು ಬಾಗಿದೆಯೇ? ನೆರಳು ಕವಿದಿದೆಯೇ? ಮಿಂಚು ಕಾಣುತ್ತದೆಯೇ? ಕಾರಣ ಬೇರೆ ಬೇರೆ ಇರಬಹುದು. ಎಲ್ಲವೂ ಕ್ಯಾನ್ಸರಲ್ಲ. ಆದರೆ ನೋವಿಲ್ಲ ಎಂದು ಕೂರಬೇಡಿ. ಹನಿ ಬಿಟ್ಟು ಕಣ್ಣಿನ ಒಳಗೆ ನೋಡಿ ಎಂದು ಕೇಳಿ. ಅದು ಭಿಕ್ಷೆಯಲ್ಲ, ನಿಮ್ಮ ಹಕ್ಕು. ಟಾರ್ಚು ತೋರಿಸಿ ಕಳಿಸಿದರೆ, ಒಳಗೆ ನೋಡುವ ಇನ್ನೊಂದು ಆಸ್ಪತ್ರೆ ಹುಡುಕಿಕೊಂಡು ಹೋಗಿ.

ಆಪರೇಷನ್ನಿನ ಹಿಂದಿನ ದಿನ ಶಣ್ಮುಗನ ಅಣ್ಣ ದೊರೈಸಾಮಿ ವಾರ್ಡಿಗೆ ಬಂದ. ಬಂದವನೇ ತಮ್ಮನನ್ನು ಬೈದ. ಆಮೇಲೆ ಶಿವಗಾಮಿಯ ಕಡೆ ತಿರುಗಿದ.

"ಕಣ್ಣು ಕಿತ್ತುಕೊಂಡು ಊರಲ್ಲಿ ಹೆಂಗೆ ತಿರುಗ್ತೀಯ? ನಾಲ್ಕು ಜನ ಏನಂತಾರೆ? ಮಂತ್ರ ಹಾಕೋರಿಗೆ ಹೇಳಿಟ್ಟಿದ್ದೀನಿ. ಬಸ್ಸು ನಿಂತಿದೆ. ಏಳು, ಬಟ್ಟೆ ಕಟ್ಕೋ."

ಶಣ್ಮುಗಂ ಬಾಯಿ ತೆರೆದ. ಶಿವಗಾಮಿ ಕೈ ಎತ್ತಿ ಅವನನ್ನು ತಡೆದಳು. ಮೈದುನ, ನಾದಿನಿಯರ ಎದುರಿಗೂ ಗಟ್ಟಿಯಾಗಿ ಮಾತಾಡಿದವಳಲ್ಲ ಅವಳು. ಮಂಚದ ಮೇಲೆ ಕಾಲು ಮಡಿಸಿ ನೆಟ್ಟಗೆ ಕೂತಳು.

"ನಾನು ಮಂಚ ಇಳಿಯಲ್ಲ ಭಾವ. ನಾನು ಬದುಕಬೇಕು. ಬಸ್ಸು ನೀವು ಹತ್ತಿ."