ಗಂಟಿನ ಪಕ್ಕದ ಮಚ್ಚೆ

ಕತ್ತಿ ನಿಂತಿತು. ಮಗಳ ಉಸಿರೂ ನಿಂತಿತು.

ಅವಳು ಹೆರೆಯುತ್ತಿದ್ದದ್ದು ಏಳು ವರ್ಷ ಅಟ್ಟದ ಮೇಲೆ ಒಣಗಿದ ಹಿಪ್ಪುನೇರಳೆಯ ಸೀಳು. ಕಣ್ಣು ನೆಟ್ಟಗಿದ್ದ ಕಾಲದಲ್ಲಿ ಅಪ್ಪ ತಾನೇ ಮರ ಹುಡುಕಿ, ಆಳೆತ್ತರದ ಬಿಲ್ಲಿಗೆಂದು ಸೀಳಿ, ತುದಿಗಳಿಗೆ ಮೇಣ ಬಳಿದು ಇಟ್ಟಿದ್ದ. ಈಗ ಅವನ ಕಣ್ಣಿಗೆ ಪೊರೆ ಬಂದು ಬಾಗಿಲೂ ಗೋಡೆಯೂ ಒಂದೇ ಆಗಿದ್ದವು. ಅವನು ಆರಿಸಿದ್ದರಲ್ಲಿ ಉಳಿದದ್ದು ಇದೊಂದೇ. "ತಗೋ, ಇದು ನಿಂದು" ಎಂದು ಮಗಳ ಕೈಗಿತ್ತು ವಾರವಾಗಿತ್ತು.

ಬಿಲ್ಲಿನ ಬೆನ್ನೆಂದರೆ ಗುರಿಯ ಕಡೆಗಿರುವ ಮೈ. ಅಲ್ಲಿ ಮರದ ಒಂದೇ ವರ್ಷದ ಗಟ್ಟಿ ಪದರ ತುದಿಯಿಂದ ತುದಿಯವರೆಗೆ ಗಾಯವಾಗದೆ ಉಳಿಯಬೇಕು. ಕತ್ತಿ ಎಲ್ಲಾದರೂ ಅದನ್ನು ದಾಟಿ ಇಳಿಯಿತೋ, ಎಳೆದಾಗ ಬಿಲ್ಲು ಅಲ್ಲೇ ಮುರಿದು ಎಳೆದವರ ಮುಖಕ್ಕೆ ಬಡಿಯುತ್ತದೆ. ಗಟ್ಟಿ ಪದರಗಳ ನಡುವೆ ತೂತುತೂತಾದ ಮೆತ್ತನೆಯ ಪದರಗಳಿರುತ್ತವೆ. ಹಿಡಿಯಿಂದ ಗೇಣು ದೂರದಲ್ಲಿ, ಮರದ ಗಂಟಿನ ಪಕ್ಕ, ನುಣುಪಾದ ಹೊಂಬಣ್ಣದ ನಡುವೆ ಅಂಥ ತೂತುಗಳ ಮಚ್ಚೆ ಕಾಣುತ್ತಿತ್ತು.

ಗಟ್ಟಿ ಪದರ ದಾಟಿ ಕೊರೆದುಬಿಟ್ಟೆ, ಎಂದುಕೊಂಡಳು.

ಗೂಟಕ್ಕೆ ತೆಳು ತೊಗಲು ನೇತುಬಿದ್ದಿತ್ತು, ಅಂಟಿನ ಡಬ್ಬಿ ಪಕ್ಕದಲ್ಲೇ. ಒಂದು ಪಟ್ಟಿ ಅಂಟಿಸಿದರೆ ಯಾರಿಗೂ ಗೊತ್ತಾಗದು. ಕೈ ಗೂಟದ ತನಕ ಹೋಯಿತು.

"ಸದ್ದು ಯಾಕೆ ನಿಲ್ಲಿಸ್ದೆ?" ಕಿಟಕಿಯ ಬಳಿ ಹೆದೆಗೆ ನೂಲು ಹೊಸೆಯುತ್ತಿದ್ದ ಅಪ್ಪ ಕೇಳಿದ.

"ಸುಮ್ನೆ. ಕೈ ನೋಯ್ತಿತ್ತು."

"ಕೈ ನೋವಿಗೆ ಉಸಿರು ಕಟ್ಟಲ್ಲ ಮಗಾ."

ಅವಳು ತೊಗಲು ಬಿಟ್ಟಳು. "ಅಪ್ಪಾ, ಹಾಳು ಮಾಡ್ಬಿಟ್ಟೆ. ಗಂಟಿನ ಹತ್ರ ಪದರ ಕೊರೆದು ಹೋಯ್ತು. ನಿನ್ನ ಕೊನೇ ಮರ."

ಅಪ್ಪ ಬೈಯಲಿಲ್ಲ. ತಡಕುತ್ತ ಬಂದು ಸೀಳನ್ನು ಮಗುವಿನ ಬೆನ್ನು ಸವರಿದಂತೆ ಸವರಿದ. ಹೆಬ್ಬೆರಳಿನ ಉಗುರು ಮಚ್ಚೆಯ ಅಂಚಿಗೆ ಬಂದು ಎಡವಿತು. ಇನ್ನೊಂದು ದಿಕ್ಕಿನಿಂದಲೂ ತಂದ. ಅಲ್ಲೂ ಎಡವಿತು.

"ನೀನು ಎಳಿ ನೋಡು. ಉಗುರು ಇಳಿಯುತ್ತಾ, ಹತ್ತುತ್ತಾ?"

ಅವಳು ಎಳೆದಳು. ಇನ್ನೊಮ್ಮೆ ಎಳೆದಳು. "ಹತ್ತುತ್ತೆ."

"ಕೊರೆದಿದ್ರೆ ಹಳ್ಳ ಇರ್ತಿತ್ತು. ಇದು ದಿಬ್ಬ ಕಣೇ! ಮೇಲಿನ ಮೆತ್ತನೆ ಪದರ ಗಂಟಿನ ಹತ್ರ ಇನ್ನೂ ಅಂಟ್ಕೊಂಡಿದೆ. ನೀನು ಜಾಸ್ತಿ ಹೆರೆದಿಲ್ಲ, ಕಮ್ಮಿ ಹೆರೆದಿದೀಯ. ಕಣ್ಣಿರೋರ ಹಣೇಬರಹ ಇಷ್ಟೇ. ಹೆರಿ, ಕೇಳ್ತೀನಿ."

ಅವಳು ಕತ್ತಿಯ ಅಲಗನ್ನು ನೆಟ್ಟಗೆ ಹಿಡಿದು ಮೆಲ್ಲಗೆ ಕೆರೆದಳು. ಕರಕರ, ಹಪ್ಪಳ ಮುರಿದ ಹಾಗೆ. ಮತ್ತೆ ಕರಕರ. ಹನ್ನೊಂದನೆಯ ಸಲಕ್ಕೆ ಸದ್ದು ಅಡಗಿತು. ತೂತುಗಳು ಹೋಗಿ ಕೆಳಗಿನ ಹೊಂಬಣ್ಣ ಅತ್ತಿತ್ತಲಿನದರೊಂದಿಗೆ ಕೂಡಿಕೊಂಡಿತು. ಅವಳು ಕೆಳಗೆ ಕುಕ್ಕರಿಸಿ ಅಳುವೋ ನಗುವೋ ತಿಳಿಯದಂತೆ ಮುಖ ಮುಚ್ಚಿಕೊಂಡಳು.

"ಅಪ್ಪ ಮಗಳು ಬದುಕಿದೀರಾ?" ಒಳಗಿನಿಂದ ಅಮ್ಮ ಕೂಗಿದಳು.

"ಈಗ ತಾನೇ ಬದುಕಿದ್ವಿ!" ಎಂದ ಅಪ್ಪ.

ಮೂರು ದಿನ ಅವಳು ಬಿಲ್ಲಿನ ಹೊಟ್ಟೆಯನ್ನು, ಎಳೆಯುವವರ ಕಡೆಗಿರುವ ಮೈಯನ್ನು, ಹೆರೆದು ತೆಳುವಾಗಿಸಿದಳು. ನಾಲ್ಕನೆಯ ದಿನ ಬೆಳಿಗ್ಗೆ ತುದಿಯನ್ನು ನೆಲಕ್ಕೂರಿ ಮೆಲ್ಲಗೆ ಬಾಗಿಸಿದಳು. ಮರ ಬಿರಿಯುವ ಸದ್ದಿದೆಯೇ ಎಂದು ಅಪ್ಪ ಗಂಟಿಗೆ ಕಿವಿ ತಂದು ದೇವರ ಮಾತಿಗೆ ಕಾದವನಂತೆ ಕಾದ.

"ಏನು ಕೇಳುತ್ತೆ?" ಎಂದಳು.

"ಏನೂ ಇಲ್ಲ ತಾಯೀ," ಎಂದ ಅಪ್ಪ, ಮುಖ ತುಂಬ ನಗುತ್ತ. "ಏನೂ ಇಲ್ಲ. ಇನ್ನೊಂಚೂರು ಬಗ್ಗಿಸು."